ಸ್ಮಾರ್ಟ್ ಬೋರ್ಡ್ ಕೊಳ್ಳುವ ಮೊದಲು ಕೊನೆಯ ಬೆಂಚಿನಲ್ಲಿ ಕೂತು ನೋಡಿ

ಪ್ರಶ್ನೆ: ನಮ್ಮ ಶಾಲೆಯಲ್ಲಿ 8 ತರಗತಿ ಕೋಣೆಗಳಿವೆ, ಒಂದೊಂದರಲ್ಲಿ ಸುಮಾರು 40 ಮಕ್ಕಳು. ದಾನಿಗಳಿಂದ ಒಂದು ದೊಡ್ಡ ಮೊತ್ತ ಒಮ್ಮೆಗೇ ಬಂದಿದೆ. ಎಲ್ಲ ಕೋಣೆಗೂ ಟಚ್ ಪ್ಯಾನೆಲ್ (ಬೆರಳಿನಿಂದ ಮುಟ್ಟಿ ನಡೆಸುವ ದೊಡ್ಡ ಪರದೆ, ಅಂದರೆ ಸ್ಮಾರ್ಟ್ ಬೋರ್ಡ್) ಹಾಕಿಸೋಣ ಎಂದು ಆಡಳಿತ ಮಂಡಳಿಯ ಹೆಚ್ಚಿನವರು ಹೇಳುತ್ತಾರೆ. ಮಕ್ಕಳಿಗೆಲ್ಲ ಟ್ಯಾಬ್ ಕೊಡಿಸೋಣ ಎನ್ನುವವರೂ ಇದ್ದಾರೆ. ಹಿರಿಯ ಶಿಕ್ಷಕರು ಮಾತ್ರ ಸ್ಲೇಟು, ಮಾದರಿಗಳು, ಪ್ರಯೋಗದ ಸಾಮಾನು, ಓದುವ ಪುಸ್ತಕ ಇವಿಷ್ಟೇ ಸಾಕು ಎನ್ನುತ್ತಾರೆ. ದುಬಾರಿ ತಂತ್ರಜ್ಞಾನದಿಂದ ಕಲಿಕೆ ನಿಜವಾಗಿಯೂ ಸುಧಾರಿಸುತ್ತದೆಯೇ? ಹಣವನ್ನು ಯಾವುದಕ್ಕೆ ಹಾಕಬೇಕು?

ಉತ್ತರ: ಎಂಟೂ ಕೋಣೆಗೆ ಪ್ಯಾನೆಲ್ ಹಾಕಿಸಬೇಡಿ, ಎಲ್ಲ ಮಕ್ಕಳಿಗೂ ಟ್ಯಾಬ್ ಕೊಳ್ಳಬೇಡಿ. ಮೊದಲ ಖರ್ಚು ಪ್ರತಿ ಮಗುವಿನ ಕೈಗೂ ಬರುವ ಸರಳ ಸಾಮಾನಿಗೆ ಇರಲಿ, ಅದನ್ನು ಬಳಸಿ ಪಾಠ ಸಿದ್ಧಪಡಿಸಲು ಶಿಕ್ಷಕರಿಗೆ ಬೇಕಾದ ಸಮಯಕ್ಕೆ ಇರಲಿ. ಆಮೇಲೆ, ಸರಳ ಸಾಮಾನಿನಿಂದ ಆಗಲಾರದ ಕೆಲಸ ಯಾವುದೆಂದು ಶಿಕ್ಷಕರೇ ಬರೆದುಕೊಡಲಿ. ಅಷ್ಟಕ್ಕೆ ಮಾತ್ರ ಯಂತ್ರ ತನ್ನಿ. ಹಾಗೆಂದು ಯಂತ್ರವೇ ಬೇಡ ಎನ್ನುವ ನಿಮ್ಮ ಹಿರಿಯ ಶಿಕ್ಷಕರ ಮಾತನ್ನೂ ಪೂರ್ತಿ ಒಪ್ಪಲಾಗದು. ಕೆಲವು ಕಡೆ ಯಂತ್ರಕ್ಕೆ ಬದಲಿಯೇ ಇಲ್ಲ. ಆ ಜಾಗಗಳನ್ನೂ ಮುಂದೆ ಹೇಳುತ್ತೇನೆ.

ಬೆಲೆಯನ್ನು ಪಕ್ಕಕ್ಕಿಟ್ಟು ಯಾವುದೇ ಸಾಮಾನಿಗೂ ಎರಡು ಪ್ರಶ್ನೆ ಹಾಕಿ. ಇದನ್ನು ಬಳಸುವಾಗ 40 ಮಕ್ಕಳಲ್ಲಿ ಎಷ್ಟು ಮಂದಿ ತಾವೇ ಯೋಚಿಸಿ ಉತ್ತರ ಕೊಡುತ್ತಿರುತ್ತಾರೆ? ಒಂದು ಮಗು ತಪ್ಪು ತಿಳಿದುಕೊಂಡರೆ ಅದು ಶಿಕ್ಷಕರ ಕಣ್ಣಿಗೆ ಎಷ್ಟು ಹೊತ್ತಿಗೆ ಬೀಳುತ್ತದೆ? ಟಚ್ ಪ್ಯಾನೆಲ್‌ನ ಮುಂದೆ ಒಂದು ಮಗು ಎದ್ದು ಬಂದು ಉತ್ತರವನ್ನು ಎಳೆದು ಜೋಡಿಸುವಾಗ ಉಳಿದ 39 ಮಕ್ಕಳು ನೋಡುತ್ತಾ ಕೂತಿರುತ್ತಾರೆ. ಲಂಡನ್ನಿನ ಶಾಲೆಗಳಿಗೆ ದೊಡ್ಡ ಪ್ರಮಾಣದಲ್ಲಿ ಸ್ಪರ್ಶ ಹಲಗೆಗಳನ್ನು ಹಾಕಿಸಿದ ಮೇಲೆ ಅಲ್ಲಿನ ವಿಶ್ವವಿದ್ಯಾಲಯದ ಶಿಕ್ಷಣ ಸಂಸ್ಥೆ ನಡೆಸಿದ ಮೌಲ್ಯಮಾಪನ 2007ರಲ್ಲಿ ಹೊರಬಂತು. ಹಲಗೆ ಬಂದ ಮೊದಲ ವರ್ಷದಲ್ಲಿ ಮಕ್ಕಳ ಅಂಕಗಳ ಮೇಲೆ ಪರಿಣಾಮ ಕಾಣಲಿಲ್ಲ. ಒಬ್ಬೊಬ್ಬರಾಗಿ ಹಲಗೆಯ ಬಳಿಗೆ ಬರುವ ಕ್ರಮದಿಂದ ಕೆಲವು ತರಗತಿಗಳಲ್ಲಿ ಪಾಠದ ಓಟವೇ ನಿಧಾನವಾಯಿತು ಎಂಬುದನ್ನೂ ಅದು ಗುರುತಿಸಿತು.

ಪೆರುವಿನಲ್ಲಿ ನಡೆದದ್ದು ಇನ್ನೂ ದೊಡ್ಡ ಪಾಠ. ಅಲ್ಲಿನ 319 ಗ್ರಾಮೀಣ ಪ್ರಾಥಮಿಕ ಶಾಲೆಗಳನ್ನು ಅಧ್ಯಯನಕ್ಕೆ ಆರಿಸಿಕೊಂಡು, ಕೆಲವಕ್ಕೆ ಮಗುವಿಗೊಂದು ಲ್ಯಾಪ್‌ಟಾಪ್ ಕೊಟ್ಟು, ಉಳಿದವುಗಳ ಜೊತೆ ಹೋಲಿಸಿದರು. ಸುಮಾರು 15 ತಿಂಗಳ ನಂತರ ನೋಡಿದರೆ ಗಣಿತದಲ್ಲೂ ಭಾಷೆಯಲ್ಲೂ ವ್ಯತ್ಯಾಸ ಇರಲಿಲ್ಲ. ಲ್ಯಾಪ್‌ಟಾಪ್ ಮಕ್ಕಳ ಕೈಗೆ ಬಂದದ್ದು ನಿಜ, ಅವರು ಅದನ್ನು ಬಳಸಿದ್ದೂ ನಿಜ. ಆದರೆ ಪಾಠ ಮಾಡುವ ರೀತಿ ಬದಲಾಗಲಿಲ್ಲ. ಹೆಚ್ಚಾಗಿ ಶ್ರೀಮಂತ ದೇಶಗಳ ಒಕ್ಕೂಟವಾದ ಒಇಸಿಡಿ ಸಂಸ್ಥೆ 2015ರಲ್ಲಿ ಹೊರತಂದ ವರದಿಯೂ ಇದೇ ದಿಕ್ಕಿನದು. ಶಾಲೆಗಳ ಕಂಪ್ಯೂಟರಿಗೆ ಹೆಚ್ಚು ಹಣ ಸುರಿದ ದೇಶಗಳ ಪೀಸಾ (15 ವರ್ಷದ ಮಕ್ಕಳಿಗೆ ಆ ಸಂಸ್ಥೆ ನಡೆಸುವ ಅಂತರರಾಷ್ಟ್ರೀಯ ಪರೀಕ್ಷೆ) ಅಂಕಗಳಲ್ಲಿ, ಓದಿನಲ್ಲಾಗಲಿ ಗಣಿತ, ವಿಜ್ಞಾನದಲ್ಲಾಗಲಿ ಹೇಳಿಕೊಳ್ಳುವಂಥ ಏರಿಕೆ ಕಾಣಲಿಲ್ಲ.

ಇದಕ್ಕೆ ಎದುರಾಗಿ ದೆಹಲಿಯ ಒಂದು ಅಧ್ಯಯನ ಇದೆ, ಅದನ್ನು ಮರೆಮಾಚುವುದು ನ್ಯಾಯವಲ್ಲ. ಮೈಂಡ್‌ಸ್ಪಾರ್ಕ್ ಎಂಬ ತಂತ್ರಾಂಶ ಬಳಸುವ, ಶಾಲಾ ಅವಧಿಯ ಹೊರಗಿನ ಕೇಂದ್ರಗಳಿಗೆ ಮಾಧ್ಯಮಿಕ ಹಂತದ ಮಕ್ಕಳನ್ನು ಚೀಟಿ ಎತ್ತಿ ಆರಿಸಿದರು. ವಾರಕ್ಕೆ 6 ದಿನ, ದಿನಕ್ಕೆ 90 ನಿಮಿಷ. 2019ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ನಾಲ್ಕೂವರೆ ತಿಂಗಳಲ್ಲಿ ಗಣಿತದಲ್ಲಿ 0.37, ಹಿಂದಿಯಲ್ಲಿ 0.23 ಮಾನಕ ವಿಚಲನೆಯಷ್ಟು ಸುಧಾರಣೆ ಆಯಿತು. ಗಣಿತದ ಅಂಕಿಯನ್ನು ಸರಳವಾಗಿ ಹೇಳುವುದಾದರೆ, 100 ಮಕ್ಕಳನ್ನು ಅಂಕದ ಏರಿಕೆಯ ಕ್ರಮದಲ್ಲಿ ನಿಲ್ಲಿಸಿದಾಗ 50ನೆಯ ಜಾಗದಲ್ಲಿದ್ದ ಮಗು 64ನೆಯ ಜಾಗಕ್ಕೆ ಬಂದಂತೆ. ಇದು ಸಣ್ಣ ಲಾಭವಲ್ಲ. ಆದರೆ ಏನು ನಡೆಯಿತು ನೋಡಿ: 90 ನಿಮಿಷದಲ್ಲಿ ಅರ್ಧ ಹೊತ್ತು ಮಾತ್ರ ಕಂಪ್ಯೂಟರ್, ಇನ್ನರ್ಧ ಸಣ್ಣ ಗುಂಪಿನಲ್ಲಿ ಕಲಿಸುವವರೊಬ್ಬರ ಜೊತೆ. ಕಂಪ್ಯೂಟರ್ ಮಾಡಿದ್ದು, ಏಳನೆಯ ತರಗತಿಯಲ್ಲಿ ಕೂತ ಮಗು ನಿಜಕ್ಕೂ ನಾಲ್ಕನೆಯ ತರಗತಿಯ ಲೆಕ್ಕದಲ್ಲಿ ಎಡವುತ್ತಿದ್ದರೆ ಅಲ್ಲಿಂದಲೇ ಲೆಕ್ಕ ಕೊಡುವ ಕೆಲಸ. 40 ಮಕ್ಕಳಿಗೆ 40 ಹಂತದ ಅಭ್ಯಾಸ ಕೊಡುವುದು ಒಬ್ಬ ಶಿಕ್ಷಕರಿಂದ ಆಗದು. ಯಂತ್ರ ಗೆದ್ದದ್ದು ಅದರ ಹೊಳಪಿನಿಂದಲ್ಲ, ಈ ಕೆಲಸದಿಂದ.

ಸ್ಲೇಟು ಮಾಡುವ ಕೆಲಸ

ನಿಮ್ಮ ಶಿಕ್ಷಕರು ಸ್ಲೇಟು ಎಂದಾಗ ಮಂಡಳಿಯವರಿಗೆ ಹಳೆಯ ಕಾಲ ನೆನಪಾಗಿರಬಹುದು. ಈಗ ಹೇಳುವ ಬಳಕೆ ಬೇರೆ. ಒಂದು ಪ್ರಶ್ನೆಗೆ ಇಡೀ ತರಗತಿಯ ಉತ್ತರವನ್ನು ಒಂದೇ ಕ್ಷಣದಲ್ಲಿ ನೋಡಲು ಸ್ಲೇಟಿಗಿಂತ ಒಳ್ಳೆಯ ಸಾಧನ ಇಲ್ಲ. ಬಳಪದ ಸ್ಲೇಟು ಆದರೂ ಸರಿ, ಪಾರದರ್ಶಕ ಪ್ಲಾಸ್ಟಿಕ್ ಹೊದಿಕೆಯೊಳಗೆ ಎ4 ಅಳತೆಯ ಬಿಳಿ ರಟ್ಟು ತೂರಿಸಿ ಮಾರ್ಕರ್‌ನಲ್ಲಿ ಬರೆಸಿದರೂ ಸರಿ.

ಕ್ರಮ ಹೀಗಿರಲಿ. ಪ್ರಶ್ನೆಯನ್ನು ಹಲಗೆಯ ಮೇಲೆ ಬರೆಯಿರಿ. ಹತ್ತು ಸೆಕೆಂಡು ಯಾರೂ ಮಾತಾಡಬಾರದು, ಶಿಕ್ಷಕರೂ ಕೂಡ. ಮೇರಿ ಬಡ್ ರೋ ಎಂಬ ಸಂಶೋಧಕಿ 1970ರ ದಶಕದಲ್ಲಿ ತೋರಿಸಿದಂತೆ, ಶಿಕ್ಷಕರು ಪ್ರಶ್ನೆ ಕೇಳಿ ಸಾಮಾನ್ಯವಾಗಿ ಕಾಯುವುದು ಒಂದು ಸೆಕೆಂಡು ಮಾತ್ರ. ಅದನ್ನು ಮೂರು ಸೆಕೆಂಡಿಗೆ ಏರಿಸಿದರೂ ಉತ್ತರಗಳು ಉದ್ದವಾಗುತ್ತವೆ, ಬಾಯಿ ಬಿಡದ ಮಕ್ಕಳೂ ಮಾತಾಡುತ್ತಾರೆ. ನಂತರ ಎಲ್ಲರೂ ಬರೆದು ಸ್ಲೇಟನ್ನು ಬೋರಲು ಹಾಕಬೇಕು. ‘ತೋರಿಸಿ’ ಎಂದಾಗ ಎಲ್ಲರೂ ಒಟ್ಟಿಗೆ ಎದೆಯ ಮಟ್ಟಕ್ಕೆ ಎತ್ತಬೇಕು. ಶಿಕ್ಷಕರು ಸಾಲು ಸಾಲಾಗಿ ಕಣ್ಣಾಡಿಸಲು ಇಪ್ಪತ್ತು ಸೆಕೆಂಡು ಸಾಕು.

ಎಲ್ಲಿ ಕೆಡುತ್ತದೆ? ಬೋರಲು ಹಾಕಿಸದಿದ್ದರೆ ಪಕ್ಕದವರದನ್ನು ನೋಡಿ ಬರೆಯುತ್ತಾರೆ, ಶಿಕ್ಷಕರಿಗೆ ಕಾಣುವುದು ಜಾಣ ಮಕ್ಕಳ ಉತ್ತರದ ನಕಲು. ಅಕ್ಷರ ಚಿಕ್ಕದಾದರೆ ಹಿಂದಿನ ಸಾಲು ಓದಲಾಗುವುದಿಲ್ಲ, ಆದ್ದರಿಂದ ನಾಲ್ಕು ಬೆರಳಗಲದ ಅಕ್ಷರ ಎಂದು ಮೊದಲ ದಿನವೇ ನಿಯಮ ಮಾಡಿ. ಒರೆಸುವ ಬಟ್ಟೆ ಪ್ರತಿ ಮಗುವಿಗೂ ಬೇಕು, ಇಲ್ಲದಿದ್ದರೆ ಅಂಗೈ, ತೋಳು ಎಲ್ಲ ಮಸಿಯಾಗಿ ಎರಡನೆಯ ವಾರಕ್ಕೆ ಸ್ಲೇಟು ಮೂಲೆ ಸೇರುತ್ತದೆ. ಮಾರ್ಕರ್ ಬಳಸುವುದಾದರೆ ಅದನ್ನು ಅಡ್ಡ ಮಲಗಿಸಿ ಇಡಬೇಕು, ಮುಚ್ಚಳ ‘ಟಕ್’ ಎನ್ನುವವರೆಗೆ ಒತ್ತಬೇಕು.

ಇವೆಲ್ಲಕ್ಕಿಂತ ಮುಖ್ಯ ಪ್ರಶ್ನೆಯೇ. ದಶಮಾಂಶದ ಒಂದು ಉದಾಹರಣೆ ತೆಗೆದುಕೊಳ್ಳೋಣ. 0.5, 0.45, 0.405 ಇವನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ಎಂದು ಕೇಳಿದಿರಿ. ಸರಿ ಉತ್ತರ 0.405, 0.45, 0.5. ಪ್ರಶ್ನೆ ಚೆನ್ನಾಗಿಯೇ ಕಾಣುತ್ತದೆ. ಆದರೆ ದಶಮಾಂಶದಲ್ಲಿ ಮಕ್ಕಳು ಎರಡು ಬಗೆಯಲ್ಲಿ ತಪ್ಪುತ್ತಾರೆ. ಅಂಕಿ ಹೆಚ್ಚಿದ್ದಷ್ಟೂ ಸಂಖ್ಯೆ ದೊಡ್ಡದು ಎಂದು ಕೆಲವರು ನಂಬಿರುತ್ತಾರೆ, ಅಂಕಿ ಹೆಚ್ಚಿದ್ದಷ್ಟೂ ಸಂಖ್ಯೆ ಚಿಕ್ಕದು ಎಂದು ಇನ್ನು ಕೆಲವರು. ಈ ಎರಡನೆಯ ಗುಂಪಿನ ಮಗು ತಪ್ಪು ನಂಬಿಕೆ ಇಟ್ಟುಕೊಂಡೇ ನಿಮ್ಮ ಪ್ರಶ್ನೆಗೆ ಸರಿ ಉತ್ತರ ಬರೆದುಬಿಡುತ್ತದೆ! ಅದರ ಬದಲು 0.3, 0.25, 0.475 ಕೊಡಿ. ಸರಿಯಾಗಿ ತಿಳಿದ ಮಗು 0.25, 0.3, 0.475 ಎಂದು ಬರೆಯುತ್ತದೆ. ‘ಉದ್ದವಾದದ್ದು ದೊಡ್ಡದು’ ಎನ್ನುವ ಮಗು 0.3, 0.25, 0.475 ಎನ್ನುತ್ತದೆ. ‘ಉದ್ದವಾದದ್ದು ಚಿಕ್ಕದು’ ಎನ್ನುವ ಮಗು 0.475, 0.25, 0.3 ಎನ್ನುತ್ತದೆ. ಮೂರು ಬಗೆಯ ತಲೆಗೆ ಮೂರು ಬೇರೆ ಉತ್ತರ. ಇಪ್ಪತ್ತು ಸೆಕೆಂಡಿನಲ್ಲಿ ಯಾರು ಎಲ್ಲಿ ನಿಂತಿದ್ದಾರೆ ಎಂದು ತಿಳಿದುಹೋಯಿತು. ಇಂಥ ಪ್ರಶ್ನೆಯನ್ನು ಯಾವ ಅಂಗಡಿಯೂ ಪೆಟ್ಟಿಗೆಯಲ್ಲಿಟ್ಟು ಕೊಡುವುದಿಲ್ಲ. ಶಿಕ್ಷಕರು ನಾಲ್ಕು ಜನ ಕೂತು ಮಾಡಬೇಕು, ಅದಕ್ಕೆ ಗಂಟೆಗಳು ಹಿಡಿಯುತ್ತವೆ. ಶಿಕ್ಷಕರ ಸಮಯಕ್ಕೆ ಹಣ ಇಡಿ ಎಂದದ್ದು ಇದಕ್ಕಾಗಿಯೇ.

ಉತ್ತರ ನೋಡಿದ ಮೇಲೆ ಏನು ಮಾಡುವುದೆಂದು ಮೊದಲೇ ನಿರ್ಧರಿಸಿರಬೇಕು. 40ರಲ್ಲಿ ನಾಲ್ಕೈದು ಮಕ್ಕಳು ತಪ್ಪಿದರೆ ಅವರ ಹೆಸರು ಬರೆದುಕೊಂಡು ಪಾಠ ಮುಂದುವರಿಸಿ, ಆಮೇಲೆ ಅವರ ಜೊತೆ ಕೂರಿ. ಹತ್ತಕ್ಕಿಂತ ಹೆಚ್ಚು ಮಂದಿ ತಪ್ಪಿದರೆ ಅಲ್ಲೇ ನಿಲ್ಲಿಸಿ, ಅದೇ ಮಾತನ್ನು ಜೋರಾಗಿ ಹೇಳದೆ ಬೇರೆ ದಾರಿಯಿಂದ ಹೇಳಿ.

ಇದೇ ಕೆಲಸಕ್ಕೆ ಗುಂಡಿ ಒತ್ತುವ ‘ಕ್ಲಿಕ್ಕರ್’ ಯಂತ್ರಗಳೂ ಸಿಗುತ್ತವೆ. ಕೆನಡಾದ ಕಾಲೇಜೊಂದರ ಭೌತವಿಜ್ಞಾನ ತರಗತಿಗಳಲ್ಲಿ ಅವನ್ನೂ ಕಾಗದದ ಉತ್ತರ ಕಾರ್ಡುಗಳನ್ನೂ ಹೋಲಿಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಲಿಕೆಯಲ್ಲಿ ಗಮನಾರ್ಹ ವ್ಯತ್ಯಾಸ ಸಿಗಲಿಲ್ಲ. ಕ್ಲಿಕ್ಕರ್‌ನಲ್ಲಿ ಉತ್ತರಗಳ ದಾಖಲೆ ಉಳಿಯುತ್ತದೆ, ನಾಚುವ ಮಗುವಿನ ಉತ್ತರ ಬೇರೆಯವರಿಗೆ ಕಾಣುವುದಿಲ್ಲ, ಇವು ನಿಜವಾದ ಅನುಕೂಲಗಳೇ. ಆದರೆ ಮಗು ಲೆಕ್ಕ ಮಾಡಿದ ದಾರಿ ಅದರಲ್ಲಿ ಕಾಣುವುದಿಲ್ಲ, ಸ್ಲೇಟಿನಲ್ಲಿ ಕಾಣುತ್ತದೆ.

ಒಂದು ಹಾಳೆ, ಏಳು ಪಟ್ಟಿ

ಭಿನ್ನರಾಶಿಗೆ ಬಣ್ಣಬಣ್ಣದ ಆ್ಯನಿಮೇಷನ್‌ಗಳಿವೆ, ನೋಡಲು ಚೆಂದ. ಆದರೂ ಮೊದಲ ಹತ್ತು ಪಾಠಕ್ಕೆ ಕಾಗದದ ಪಟ್ಟಿಯೇ ಮೇಲು. ಎ4 ಹಾಳೆ 21 ಸೆಂಟಿಮೀಟರ್ ಅಗಲ. ಅದನ್ನು ಉದ್ದುದ್ದಕ್ಕೆ 3 ಸೆಂಟಿಮೀಟರ್ ಅಗಲದ ಪಟ್ಟಿಗಳಾಗಿ ಕತ್ತರಿಸಿದರೆ ಸರಿಯಾಗಿ ಏಳು ಪಟ್ಟಿ. ಪ್ರತಿಯೊಂದನ್ನೂ 24 ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿ. 24 ಏಕೆ ಎಂದರೆ ಅದು 2, 3, 4, 6, 8, 12 ಎಲ್ಲದರಿಂದಲೂ ನಿಶ್ಶೇಷವಾಗಿ ಭಾಗವಾಗುತ್ತದೆ. ಒಂದು ಪಟ್ಟಿ ಇಡಿಯಾಗಿ ಇರಲಿ. ಉಳಿದ ಆರರಲ್ಲಿ ಅರ್ಧಕ್ಕೆ 12, ಮೂರನೇ ಒಂದಕ್ಕೆ 8, ಕಾಲಿಗೆ 6, ಆರನೇ ಒಂದಕ್ಕೆ 4, ಎಂಟನೇ ಒಂದಕ್ಕೆ 3, ಹನ್ನೆರಡನೇ ಒಂದಕ್ಕೆ 2 ಸೆಂಟಿಮೀಟರಿಗೆ ಗೆರೆ ಎಳೆದು ಕತ್ತರಿಸಿ. ಮಡಚಿ ಭಾಗ ಮಾಡಿಸಬೇಡಿ, ಮೂರು ಸಮಭಾಗ ಮಡಚುವುದು ದೊಡ್ಡವರಿಗೂ ಸರಿಯಾಗಿ ಬರುವುದಿಲ್ಲ. ಮಾಮೂಲಿ ಕಾಗದ ಸುರುಳಿ ಸುತ್ತಿಕೊಳ್ಳುತ್ತದೆ, ಆದ್ದರಿಂದ 180ರಿಂದ 200 ಜಿಎಸ್‌ಎಂ ದಪ್ಪದ ಹಾಳೆ ತನ್ನಿ. ಪ್ರತಿ ಜೋಡಿಗೆ ಒಂದು ಕಟ್ಟು, ಒಂದೊಂದೂ ಒಂದು ಲಕೋಟೆಯಲ್ಲಿ.

ಈಗ ಅರ್ಧಕ್ಕೆ ಮೂರನೇ ಒಂದನ್ನು ಕೂಡಿಸಬೇಕು. ಬಹಳ ಮಕ್ಕಳು ಮೇಲಿನದನ್ನು ಮೇಲಿನದಕ್ಕೆ, ಕೆಳಗಿನದನ್ನು ಕೆಳಗಿನದಕ್ಕೆ ಕೂಡಿಸಿ ಐದನೇ ಎರಡು ಎನ್ನುತ್ತಾರೆ. ತಪ್ಪು ಎಂದು ಹೇಳಬೇಡಿ, 12 ಸೆಂಟಿಮೀಟರ್ ತುಂಡಿನ ಪಕ್ಕ 8 ಸೆಂಟಿಮೀಟರ್ ತುಂಡು ಜೋಡಿಸಲು ಹೇಳಿ. 20 ಸೆಂಟಿಮೀಟರ್ ಆಯಿತು. ಇಡೀ ಪಟ್ಟಿಯ ಐದನೇ ಎರಡು ಎಷ್ಟು ಉದ್ದ ಎಂದು ಲೆಕ್ಕ ಹಾಕಿಸಿ: 9.6 ಸೆಂಟಿಮೀಟರ್. ಅಂದರೆ ಕೂಡಿಸಿದ ಮೇಲೆ ಬಂದ ಉತ್ತರ, ಶುರುವಿನಲ್ಲಿ ಕೈಯಲ್ಲಿದ್ದ ಅರ್ಧಕ್ಕಿಂತಲೂ ಗಿಡ್ಡ! ಮಗುವೇ ಬೆರಗಾಗಿ ತನ್ನ ಉತ್ತರವನ್ನು ಬಿಟ್ಟುಕೊಡುತ್ತದೆ. ಆಮೇಲೆ ಆ 20 ಸೆಂಟಿಮೀಟರನ್ನು ಒಂದೇ ಬಗೆಯ ತುಂಡುಗಳಿಂದ ಮುಚ್ಚಿ ನೋಡಲು ಹೇಳಿ. 8 ಸೆಂಟಿಮೀಟರಿನ ತುಂಡು ಹೊಂದುವುದಿಲ್ಲ, 6ರದ್ದೂ ಇಲ್ಲ, 4ರದ್ದು ಐದು ಸಲ ಹಿಡಿಯುತ್ತದೆ. ಆರನೇ ಐದು. 2ರದ್ದೂ ಹತ್ತು ಸಲ ಹಿಡಿಯುತ್ತದೆ ಎಂದು ಒಂದು ಮಗುವಾದರೂ ಹೇಳುತ್ತದೆ, ಸಮಾನ ಭಿನ್ನರಾಶಿಯ ಪಾಠಕ್ಕೆ ಅಲ್ಲೇ ಬಾಗಿಲು ತೆರೆಯಿತು. ಒಟ್ಟು ಕಟ್ಟಿನಲ್ಲಿ ಆರನೇ ಒಂದರ ತುಂಡುಗಳು ಆರೇ ಇರುವುದರಿಂದ ಕಳೆದುಹೋದರೆ ಲೆಕ್ಕ ನಿಲ್ಲುತ್ತದೆ. ಲಕೋಟೆಯ ಮೇಲೆ ಒಟ್ಟು ತುಂಡುಗಳ ಸಂಖ್ಯೆ 36 ಎಂದು ಬರೆದಿಡಿ, ಇಡೀ ಪಟ್ಟಿಯೂ ಸೇರಿ. ಪಾಠ ಮುಗಿದಾಗ ಮಕ್ಕಳೇ ಎಣಿಸಿ ಹಾಕಲಿ.

ಇಂಥ ಸಾಮಾನಿಗೂ ದೋಷ ಇದೆ, ಅದನ್ನು ಹೇಳದೆ ಬಿಟ್ಟರೆ ಹಿರಿಯ ಶಿಕ್ಷಕರ ಪಕ್ಷ ವಹಿಸಿದಂತಾಗುತ್ತದೆ. ಮಣಿ, ಕಡ್ಡಿ, ಪಟ್ಟಿ ಹಿಡಿದು ಮಕ್ಕಳು ಖುಷಿಯಾಗಿ ಕೆಲಸ ಮಾಡುತ್ತಾರೆ, ಪುಸ್ತಕದ ಲೆಕ್ಕಕ್ಕೆ ಬಂದಾಗ ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲದಂತೆ ಹಳೆಯ ತಪ್ಪನ್ನೇ ಮಾಡುತ್ತಾರೆ. ಕೈಯ ವಸ್ತುವಿನಿಂದ ಚಿತ್ರಕ್ಕೆ, ಚಿತ್ರದಿಂದ ಅಂಕಿಗೆ ದಾಟಿಸುವ ಸೇತುವೆ ಹಾಕದಿದ್ದರೆ ಹೀಗಾಗುತ್ತದೆ. ಎರಡನೆಯ ದಿನ ಪಟ್ಟಿ ಜೋಡಿಸಿದ್ದನ್ನು ಪುಸ್ತಕದಲ್ಲಿ ಚಿತ್ರ ಬರೆಸಿ, ನಾಲ್ಕನೆಯ ದಿನ ಚಿತ್ರದ ಪಕ್ಕ ಅಂಕಿ ಬರೆಸಿ, ಒಂದು ವಾರದ ಹೊತ್ತಿಗೆ ಪಟ್ಟಿಯನ್ನು ಲಕೋಟೆಯಲ್ಲೇ ಇರಿಸಿ ಅಂಕಿಯಿಂದ ಮಾಡಿಸಿ, ಅನುಮಾನ ಬಂದರೆ ಮಾತ್ರ ತೆಗೆಯಲು ಬಿಡಿ. ವಸ್ತು ಅಲಂಕಾರವಾದಷ್ಟೂ ಗಮನ ಅಲಂಕಾರಕ್ಕೆ ಹೋಗುತ್ತದೆ, ಆದ್ದರಿಂದ ಪಟ್ಟಿಯ ಮೇಲೆ ಹೂವು, ಗೊಂಬೆ ಬೇಡ.

ಕರಿಹಲಗೆಯ ಬಗ್ಗೆ ಒಂದೆರಡು ಮಾತು. ಸ್ಲೈಡ್ ಬದಲಾದೊಡನೆ ಹಿಂದಿನದು ಮಾಯವಾಗುತ್ತದೆ. ಹಲಗೆಯ ಮೇಲೆ ಮೊದಲ ಹೆಜ್ಜೆಯಿಂದ ಕೊನೆಯ ಹೆಜ್ಜೆಯವರೆಗೆ ಒಟ್ಟಿಗೆ ಉಳಿಯುತ್ತದೆ, ಮೂರನೆಯ ಹೆಜ್ಜೆಯಲ್ಲಿ ತಪ್ಪಿಸಿಕೊಂಡ ಮಗು ಹಿಂದೆ ನೋಡಿ ಸೇರಿಕೊಳ್ಳಬಹುದು. ಎಡಗಡೆ ಒಂದು ಭಾಗವನ್ನು ಹೊಸ ಪದಗಳಿಗೂ ಅವತ್ತಿನ ಪ್ರಶ್ನೆಗೂ ಇಟ್ಟು ಪಾಠ ಮುಗಿಯುವವರೆಗೆ ಅಳಿಸಬೇಡಿ, ನಡುವೆ ಲೆಕ್ಕ, ಬಲಗಡೆ ಕಚ್ಚಾ ಕೆಲಸ. ಕೊನೆಯ ಬೆಂಚು 8 ಮೀಟರ್ ದೂರ ಇದ್ದರೆ ಅಕ್ಷರ 5 ಸೆಂಟಿಮೀಟರಿಗಿಂತ ಚಿಕ್ಕದಾಗಬಾರದು, ಒತ್ತಕ್ಷರಗಳಿರುವ ನಮ್ಮ ಲಿಪಿಗೆ ಇನ್ನೂ ಸ್ವಲ್ಪ ದೊಡ್ಡದೇ ಇರಲಿ. ಹೊಸದಾಗಿ ಬಣ್ಣ ಬಳಿದ ಹಲಗೆಗೆ ಬರೆಯುವ ಮೊದಲು ಸೀಮೆಸುಣ್ಣವನ್ನು ಅಡ್ಡ ಹಿಡಿದು ಪೂರ್ತಿ ಉಜ್ಜಿ ಒರೆಸಬೇಕು, ಇಲ್ಲವಾದರೆ ಮೊದಲ ದಿನ ಬರೆದದ್ದು ನೆರಳಿನಂತೆ ಉಳಿದುಬಿಡುತ್ತದೆ.

ಯಂತ್ರವೇ ಬೇಕಾದ ಜಾಗ

ವಿದ್ಯುತ್ ಮಂಡಲದ ಪಾಠದಲ್ಲಿ ಬಲ್ಬು ಉರಿಯುವುದನ್ನು ಮಗು ನೋಡುತ್ತದೆ, ತಂತಿಯೊಳಗೆ ಏನಾಗುತ್ತಿದೆ ಎಂಬುದು ಕಾಣುವುದಿಲ್ಲ. ಬಲ್ಬು ವಿದ್ಯುತ್ತನ್ನು ‘ತಿಂದು’ಬಿಡುತ್ತದೆ, ಆಚೆ ಕಡೆ ಕಡಿಮೆ ಹೋಗುತ್ತದೆ ಎಂದೇ ಬಹಳ ಮಕ್ಕಳು ನಂಬುತ್ತಾರೆ. ಎಷ್ಟು ಬಲ್ಬು ಉರಿಸಿ ತೋರಿಸಿದರೂ ಈ ನಂಬಿಕೆ ಅಲುಗುವುದಿಲ್ಲ. ಕೊಲರಾಡೊ ವಿಶ್ವವಿದ್ಯಾಲಯ ಉಚಿತವಾಗಿ ಕೊಡುವ ಫೆಟ್ ಎಂಬ ಅನುಕರಣ ತಂತ್ರಾಂಶದಲ್ಲಿ ಬಲ್ಬಿನ ಹಿಂದೆಯೂ ಮುಂದೆಯೂ ಇಲೆಕ್ಟ್ರಾನುಗಳು ಒಂದೇ ವೇಗದಲ್ಲಿ ಸಾಗುವುದು ಕಣ್ಣಿಗೆ ಕಾಣುತ್ತದೆ. 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇದರಲ್ಲಿ ಅಭ್ಯಾಸ ಮಾಡಿದ ಕಾಲೇಜು ವಿದ್ಯಾರ್ಥಿಗಳು ನಿಜವಾದ ತಂತಿ, ಬಲ್ಬು ಹಿಡಿದು ಕಲಿತವರಿಗಿಂತ ಪರಿಕಲ್ಪನೆಯ ಪ್ರಶ್ನೆಗಳಲ್ಲಿ ಮುಂದಿದ್ದರು. ಆಮೇಲೆ ನಿಜವಾದ ಮಂಡಲ ಕಟ್ಟುವುದರಲ್ಲೂ ಅವರೇ ಮುಂದೆ. ನಿಮ್ಮ ಶಾಲೆಗೆ ಎರಡೂ ಇರಲಿ: ಹದಿನೈದು ನಿಮಿಷ ಪರದೆಯ ಮೇಲೆ ಊಹಿಸಿ ನೋಡುವುದು, ಮುಂದಿನ ಅವಧಿಯಲ್ಲಿ ನಾಲ್ವರಿಗೊಂದರಂತೆ 10 ಕಟ್ಟು ಶುಷ್ಕಕೋಶ, ಬಲ್ಬು, ತಂತಿ ಹಿಡಿದು ಕಟ್ಟುವುದು. 2.5 ವೋಲ್ಟಿನ ಬಲ್ಬಿಗೆ 1.5 ವೋಲ್ಟಿನ ಎರಡು ಕೋಶ ಸಾಕು. 9 ವೋಲ್ಟಿನ ಚೌಕ ಬ್ಯಾಟರಿ ಕೊಟ್ಟರೆ ಬಲ್ಬುಗಳು ಅಲ್ಲೇ ಸುಟ್ಟುಹೋಗುತ್ತವೆ.

ಕಣ್ಣಿಗೆ ಕಾಣದ್ದು, ತೀರಾ ವೇಗವಾದದ್ದು, ತೀರಾ ನಿಧಾನವಾದದ್ದು, ತರಗತಿಗೆ ತರಲಾಗದ ಅಪಾಯದ್ದು, ಇವೆಲ್ಲ ಪರದೆಗೆ ಸೇರಿದ ಕೆಲಸ. ಹೊಸ ಭಾಷೆಯ ಉಚ್ಚಾರಣೆ ಕೇಳಿಸಲು ಧ್ವನಿಮುದ್ರಣ ಬೇಕು. ಹಿಂದುಳಿದ ಮಕ್ಕಳಿಗೆ ಅವರವರ ಹಂತದ ಅಭ್ಯಾಸಕ್ಕೆ ಕಂಪ್ಯೂಟರ್ ಬೇಕು. ಇನ್ನು ದೃಷ್ಟಿ ಇಲ್ಲದ ಮಗುವಿಗೆ ಪರದೆಯನ್ನು ಓದಿ ಹೇಳುವ ತಂತ್ರಾಂಶ, ಕಿವಿ ಮಂದ ಇರುವ ಮಗುವಿಗೆ ಧ್ವನಿವರ್ಧಕ ಮತ್ತು ವಿಡಿಯೊಗಳಿಗೆ ಅಡಿಬರಹ, ಇವು ಚರ್ಚೆಯ ವಿಷಯವೇ ಅಲ್ಲ. ಅಂಥ ಒಂದೇ ಮಗು ಇದ್ದರೂ ನಿಮ್ಮ ಪಟ್ಟಿಯ ಮೊದಲ ಸಾಲು ಅದಾಗಲಿ.

ಕೊಳ್ಳುವುದೇ ಆದರೆ

ಪ್ಯಾನೆಲ್ ಕೊಳ್ಳುವಾಗ ಮೊದಲ ತಪ್ಪು ಅಳತೆಯಲ್ಲಿ ಆಗುತ್ತದೆ. ಪರದೆಯ ಎತ್ತರದ ಆರು ಪಟ್ಟಿಗಿಂತ ದೂರ ಕೂತವರಿಗೆ ಸಾಧಾರಣ ಅಕ್ಷರ ಓದುವುದು ಕಷ್ಟ ಎಂಬುದು ದೃಶ್ಯ ಉಪಕರಣಗಳ ಕೆಲಸದವರ ರೂಢಿಯ ಲೆಕ್ಕ. 65 ಇಂಚಿನ ಪ್ಯಾನೆಲ್ ಎತ್ತರ ಸುಮಾರು 81 ಸೆಂಟಿಮೀಟರ್, ಅಂದರೆ 4.9 ಮೀಟರ್‌ವರೆಗೆ ಸರಿ. 75 ಇಂಚಿನದು 5.6 ಮೀಟರ್‌ವರೆಗೆ, 86 ಇಂಚಿನದು 6.4 ಮೀಟರ್‌ವರೆಗೆ. ನಿಮ್ಮ ಕೊನೆಯ ಬೆಂಚು 8 ಮೀಟರ್ ದೂರ ಇದ್ದರೆ ಇವುಗಳಲ್ಲಿ ಯಾವುದೂ ಸಾಲದು, ಅಕ್ಷರ ದೊಡ್ಡದು ಮಾಡಿ ಕಡಿಮೆ ಸಾಲು ಹಾಕಬೇಕಾಗುತ್ತದೆ. ಒಪ್ಪಂದಕ್ಕೆ ಮೊದಲು ಒಂದು ಪ್ಯಾನೆಲ್ ತರಿಸಿ, ಪಾಠದ ನಿಜವಾದ ಪುಟ ಹಾಕಿಸಿ, ಮಂಡಳಿಯವರು ಕೊನೆಯ ಬೆಂಚಿನ ಎರಡೂ ಮೂಲೆಯಲ್ಲಿ ಮಗುವಿನ ಎತ್ತರಕ್ಕೆ ಬಾಗಿ ಕೂತು ಓದಿ. ನಂತರ ಪ್ಯಾನೆಲ್ ಆರಿಸಿ ಅದೇ ಜಾಗದಿಂದ ನೋಡಿ. ಕಪ್ಪು ಪರದೆಯಲ್ಲಿ ಕಿಟಕಿ ಪ್ರತಿಫಲಿಸಿ ಕಂಡರೆ ಪಾಠದ ಹೊತ್ತಿನಲ್ಲೂ ಅಲ್ಲಿ ಏನೂ ಕಾಣುವುದಿಲ್ಲ. ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ನೋಡಬೇಕು.

ಅನೇಕ ಪ್ಯಾನೆಲ್‌ಗಳಲ್ಲಿ ಬೆರಳನ್ನು ಗುರುತಿಸುವುದು ಚೌಕಟ್ಟಿನ ಒಳ ಅಂಚಿನಿಂದ ಓಡುವ ಅವಗೆಂಪು ಕಿರಣಗಳ ಜಾಲ. ಅಂಚಿನಲ್ಲಿ ಸೀಮೆಸುಣ್ಣದ ಪುಡಿ ಕೂತರೆ, ನೇರ ಬಿಸಿಲು ಬಿದ್ದರೆ, ಬಟ್ಟೆಯ ತೋಳು ತಾಗಿದರೆ ಯಾರೂ ಮುಟ್ಟದ ಕಡೆ ಗೆರೆ ಮೂಡುತ್ತದೆ. ಪ್ಯಾನೆಲ್ ಕೆಟ್ಟಿದೆ ಎಂದು ದೂರು ಕೊಡುವ ಮೊದಲು ಒಣ ಮೆತ್ತನೆ ಬಟ್ಟೆಯಿಂದ ನಾಲ್ಕೂ ಅಂಚು ಒರೆಸಿ. ಪಕ್ಕದಲ್ಲೇ ಸೀಮೆಸುಣ್ಣದ ಹಲಗೆ ಇದ್ದರೆ ಇದು ವಾರಕ್ಕೊಮ್ಮೆಯ ಕೆಲಸ.

ನಿಮ್ಮ ಅಗತ್ಯಕ್ಕೆ ಪ್ರೊಜೆಕ್ಟರ್ ಒಳ್ಳೆಯ ಆಯ್ಕೆ ಎಂಬುದು ನನ್ನ ಅಭಿಪ್ರಾಯ, ಚಿತ್ರ ದೊಡ್ಡದಾಗುತ್ತದೆ, ಕೋಣೆಯಿಂದ ಕೋಣೆಗೆ ಒಯ್ಯಬಹುದು. ದೀಪ ಉರಿಯುವ ಕೋಣೆಗೆ 3,500 ಲ್ಯೂಮೆನ್‌ಗಿಂತ (ಬೆಳಕಿನ ಪ್ರಮಾಣದ ಅಳತೆ) ಕಡಿಮೆ ಬೇಡ. ಥ್ರೋ ಅನುಪಾತ, ಅಂದರೆ ಚಿತ್ರದ ಅಗಲದ ಎಷ್ಟು ಪಟ್ಟು ದೂರದಲ್ಲಿ ಯಂತ್ರ ಇಡಬೇಕು ಎಂಬ ಲೆಕ್ಕ, 1.5 ಎಂದಿದ್ದರೆ 2 ಮೀಟರ್ ಅಗಲದ ಚಿತ್ರಕ್ಕೆ ಯಂತ್ರ 3 ಮೀಟರ್ ಹಿಂದೆ ಇರಬೇಕು. ದೀಪದ ಆಯುಸ್ಸು 4,000 ಗಂಟೆ ಎಂದು ಬರೆದಿದ್ದರೆ, ಅಷ್ಟು ಹೊತ್ತಿಗೆ ಬೆಳಕು ಅರ್ಧಕ್ಕೆ ಇಳಿಯುತ್ತದೆ ಎಂದು ಅರ್ಥ. ಆದ್ದರಿಂದ ಮೊದಲ ದಿನದ ಬೆಳಕು ನೋಡಿ ಮೆಚ್ಚಬೇಡಿ. ಗಾಳಿಯ ಫಿಲ್ಟರ್ ತಿಂಗಳಿಗೊಮ್ಮೆ ತೆಗೆದು ದೂಳು ಕೊಡವದಿದ್ದರೆ ಯಂತ್ರ ಕಾದು ಪಾಠದ ನಡುವೆಯೇ ಆರಿಹೋಗುತ್ತದೆ.

ಟ್ಯಾಬ್‌ಗಳ ತೊಂದರೆ ಇರುವುದು ಒಟ್ಟಿಗೆ ಬಳಸುವಾಗ. 40 ಟ್ಯಾಬ್‌ಗಳು 100 ಎಂಬಿ ಅಳತೆಯ ಒಂದು ಅಪ್‌ಡೇಟನ್ನು ಏಕಕಾಲಕ್ಕೆ ಇಳಿಸಿಕೊಳ್ಳಲು ಹೊರಟರೆ 4,000 ಎಂಬಿ. ಸೆಕೆಂಡಿಗೆ 20 ಮೆಗಾಬಿಟ್ ಸಂಪರ್ಕದಲ್ಲಿ ಅದಕ್ಕೆ 27 ನಿಮಿಷ ಬೇಕು, ಅವಧಿಯೇ ಮುಗಿಯಿತು. ಅಪ್‌ಡೇಟ್‌ಗಳನ್ನು ರಾತ್ರಿಗೆ ಹೊಂದಿಸಿ, ಪಾಠದ ಸಾಮಗ್ರಿ ಮೊದಲೇ ಟ್ಯಾಬ್‌ನೊಳಗೆ ಇರಲಿ. ದೀರ್ಘ ರಜೆಯಲ್ಲಿ ಬ್ಯಾಟರಿ ಪೂರ್ತಿ ಖಾಲಿಯಾಗಿ ಉಳಿದರೆ ಸತ್ತೇಹೋಗಬಹುದು. ಅರ್ಧದಷ್ಟು ಚಾರ್ಜ್ ಮಾಡಿ, ಪೂರ್ತಿ ಆಫ್ ಮಾಡಿ, ತಂಪಾದ ಜಾಗದಲ್ಲಿ ಇಡಿ. ಗಮನ ಚದರುವ ವಿಷಯವೂ ಇದೆ. ಕೆನಡಾದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಬೇರೆಯವರು ಲ್ಯಾಪ್‌ಟಾಪಿನಲ್ಲಿ ಪಾಠಕ್ಕೆ ಸಂಬಂಧವಿಲ್ಲದ ಕೆಲಸ ಮಾಡುವುದು ಕಣ್ಣಿಗೆ ಬೀಳುವಂತೆ ಕೂತವರ ಅಂಕ ಶೇ. 17ರಷ್ಟು ಕಡಿಮೆ ಬಂತು. ಅವರ ಮುಂದೆ ಲ್ಯಾಪ್‌ಟಾಪೇ ಇರಲಿಲ್ಲ!

ಸಮಯದ ಲೆಕ್ಕವನ್ನು ಯಾರೂ ಬಿಲ್ಲಿನಲ್ಲಿ ತೋರಿಸುವುದಿಲ್ಲ. 40 ನಿಮಿಷದ ಅವಧಿಯಲ್ಲಿ ಯಂತ್ರ ಹಚ್ಚಿ, ಪಾಸ್‌ವರ್ಡ್ ಹಾಕಿ, ಫೈಲು ಹುಡುಕಲು 5 ನಿಮಿಷ ಹೋದರೆ, 8 ಅವಧಿಗೆ ಒಂದು ಅವಧಿ ಪೂರ್ತಿ ಕಳೆದಂತೆ.

ಹಣದ ಹಂಚಿಕೆ

ನಿಮ್ಮ ಮೊತ್ತದ ಅರ್ಧಕ್ಕಿಂತ ಹೆಚ್ಚು ಯಂತ್ರಕ್ಕೆ ಹೋಗದಿರಲಿ. ನನ್ನ ಲೆಕ್ಕದಲ್ಲಿ 8 ಕೋಣೆಗೂ ಸ್ಲೇಟು, ಒರೆಸುವ ಬಟ್ಟೆ, ಪಟ್ಟಿಯ ಕಟ್ಟುಗಳು, ಪ್ರಯೋಗದ ಸಾಮಾನು, ತರಗತಿಗೊಂದು ಪುಸ್ತಕದ ಕಪಾಟು. ಇಡೀ ಶಾಲೆಗೆ ಎರಡು ಪ್ರೊಜೆಕ್ಟರ್, ಎರಡು ಲ್ಯಾಪ್‌ಟಾಪ್, ಕೇಳಿಸುವಂಥ ಸ್ಪೀಕರ್. ಹಂತಾನುಸಾರ ಅಭ್ಯಾಸಕ್ಕೆ ಅರ್ಧ ತರಗತಿಗೆ ಸಾಕಾಗುವ 20 ಟ್ಯಾಬ್, ಉಳಿದ ಅರ್ಧ ಅದೇ ಹೊತ್ತಿಗೆ ಶಿಕ್ಷಕರ ಜೊತೆ ಸಣ್ಣ ಗುಂಪಿನಲ್ಲಿ, ದೆಹಲಿಯ ಕೇಂದ್ರಗಳಲ್ಲಿ ಮಾಡಿದ ಹಾಗೆ. ಉಳಿದದ್ದು ದುರಸ್ತಿಗೆ, ಬದಲಿ ದೀಪ ಬ್ಯಾಟರಿಗಳಿಗೆ, ವಾರಕ್ಕೆ ಒಂದು ಗಂಟೆ ಶಿಕ್ಷಕರು ಒಟ್ಟಿಗೆ ಕೂತು ಪ್ರಶ್ನೆ ತಯಾರಿಸಲು ಬೇಕಾದ ವ್ಯವಸ್ಥೆಗೆ. ಆ ಒಂದು ಗಂಟೆಯನ್ನು ಕತ್ತರಿಸಿ ಇನ್ನೊಂದು ಯಂತ್ರ ತಂದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

ಮಂಡಳಿಯಲ್ಲಿ ಒಮ್ಮತ ಬರದಿದ್ದರೆ ನಿಮ್ಮ ಶಾಲೆಯಲ್ಲೇ ಪರೀಕ್ಷಿಸಿ ನೋಡಬಹುದು. ಒಂದೇ ತರಗತಿಯ ಎರಡು ವಿಭಾಗ, ಒಂದೇ ಪಾಠ, ಒಬ್ಬರೇ ಶಿಕ್ಷಕರು, ಒಂದರಲ್ಲಿ ಬಾಡಿಗೆಗೆ ತಂದ ಪ್ಯಾನೆಲ್, ಇನ್ನೊಂದರಲ್ಲಿ ಸ್ಲೇಟು ಮತ್ತು ಪಟ್ಟಿ. ಶುರುವಿಗೆ ಮೊದಲು 10 ಪ್ರಶ್ನೆಯ ಪರೀಕ್ಷೆ ಕೊಡಿ. ನಾಲ್ಕು ವಾರ ಪಾಠ ನಡೆಯಲಿ, ಅಷ್ಟರಲ್ಲಿ ಹೊಸತರ ಉತ್ಸಾಹ ಸ್ವಲ್ಪ ಇಳಿದಿರುತ್ತದೆ. ಪಾಠ ಮುಗಿದ ದಿನವೇ ಮತ್ತೆ ಪರೀಕ್ಷಿಸಬೇಡಿ. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಐದು ನಿಮಿಷದ ನಂತರ ಕೇಳಿದಾಗ ಪಾಠವನ್ನು ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ, ಓದಿದ್ದನ್ನು ಪುಸ್ತಕ ಮುಚ್ಚಿ ನೆನೆದು ಬರೆದವರಿಗೆ ಶೇ. 56 ನೆನಪಿತ್ತು, ಮತ್ತೆ ಓದಿದವರಿಗೆ ಶೇ. 42. ಆದ್ದರಿಂದ ಮೂರು ವಾರ ಬಿಟ್ಟು, ಮೊದಲೇ ತಿಳಿಸದೆ, ಅದೇ ಬಗೆಯ 10 ಪ್ರಶ್ನೆ ಕೊಡಿ. ಪ್ರತಿ ಮಗುವಿನ ಏರಿಕೆಯನ್ನು ಬೇರೆ ಬೇರೆಯಾಗಿ ಬರೆದು, ಮೊದಲ ಪರೀಕ್ಷೆಯಲ್ಲಿ ತೀರಾ ಹಿಂದಿದ್ದ ಹತ್ತು ಮಕ್ಕಳ ಸಾಲನ್ನು ಮೊದಲು ಓದಿ.